ಸತ್ತರೆ ಅಚ್ಚಿಗೆ, ಬದುಕಿದರೆ ಬೇಡ: ದಾವಣಗೆರೆಯ ಒಂದು ಕಥೆಯ ಪ್ರಕರಣ

ದಾವಣಗೆರೆಯ ಒಂದು ಪದವಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊನೆಯ ವರ್ಷದ ಬಿ.ಎ. ಹುಡುಗನೊಬ್ಬ ಕಥೆ ಕೊಟ್ಟ. ಇಬ್ಬರು ಹುಡುಗರ ಪ್ರೀತಿಯ ಕಥೆ. ಸಂಪಾದಕ ಸಮಿತಿ ಅದನ್ನು ಓದಿತು, ಹೊಗಳಿತು, ಕೊನೆ ಬದಲಿಸು ಅಂದಿತು. ಹುಡುಗ ಒಪ್ಪಲಿಲ್ಲ. ಕಥೆ ಅಚ್ಚಾಗಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಾಲೇಜು ಸಂಚಿಕೆಗಳಲ್ಲಿ ಕಥೆಗಳು ಉದುರುವುದು ಹೊಸದೇನಲ್ಲ. ಆದರೆ ಈ ಕಥೆ ಅಚ್ಚಾಗದೆಯೇ ನೂರಾರು ಫೋನುಗಳಲ್ಲಿ ಓಡಾಡಿತು. ಕಥೆಗೂ ತನಗೂ ಸಂಬಂಧವೇ ಇಲ್ಲದ ಒಬ್ಬ ಯುವಕ ಅದರ ಏಟು ತಿಂದ. ಬರೆದವನ ಮನೆಯಲ್ಲಿ ಡಾಕ್ಟರ ಮಾತು ಬಂತು. ಇದೆಲ್ಲ ಆದ ಮೇಲೂ ಯಾರನ್ನು ಕೇಳಿದರೂ "ಕಥೆ ಚೆನ್ನಾಗಿತ್ತು" ಅಂತಲೇ ಅನ್ನುತ್ತಾರೆ.

ಹೊರಗಿನವರೊಬ್ಬರು ಓದಲಿ ಅಂತ ಸಮಿತಿಯವರು ನನ್ನನ್ನು ಕರೆದಿದ್ದರು. ಊರಲ್ಲಿ ಕಥೆ ಕಮ್ಮಟ ಮಾಡಿಕೊಂಡು ಓಡಾಡುವವರನ್ನು ಹೀಗೆ ಕರೆಯುವುದುಂಟು. ಒಂದು ಶಾಲು, ಒಂದು ಹಾರ, ಅರ್ಧ ಲೋಟ ಕಾಫಿ. ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ನೋಡಿದೆ. ಈ ಬರಹವನ್ನು ಹುಡುಗ ಓದಿ, ಹಾಕಿ ಅಂದ ಮೇಲೆಯೇ ಹಾಕುತ್ತಿದ್ದೇನೆ. ಅವನ ತಾಲ್ಲೂಕು, ಮನೆಯವರ ಕಸುಬು, ಕಥೆಯ ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕಥೆಯೊಳಗೆ

ಕಥೆಯಲ್ಲಿ ಇಬ್ಬರಿಗೂ ಹೆಸರಿಲ್ಲ. ಇಬ್ಬರಿಗೂ ಇಪ್ಪತ್ತು ದಾಟಿದೆ. ಒಬ್ಬ ಜಗಳೂರು ಕಡೆಯ ಹಳ್ಳಿಯವನು. ಮಳೆ ನಂಬುವ ಹಾಗಿಲ್ಲದ ಸೀಮೆಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಕಥೆ ಹೇಳುವವನು ಅವನೇ. ಇನ್ನೊಬ್ಬ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಾನೆ.

ದಾವಣಗೆರೆಯವರಿಗೆ ಭಟ್ಟಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಅದಕ್ಕೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಅರಳುತ್ತದೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಈ ಕಸುಬಿನ ಹೆಸರಲ್ಲೇ ಊರಲ್ಲಿ ಒಂದು ಬಡಾವಣೆ ಇದೆ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ಇದು. ಗಿರಣಿಗಳ ಸದ್ದು ಅಡಗಿದೆ, ಭಟ್ಟಿಗಳ ಹೊಗೆ ಇನ್ನೂ ಇದೆ.

ಒಲೆ ಮುಂದೆ ನಿಲ್ಲುವವನ ಕೈಯ ಬಗ್ಗೆ ಹುಡುಗ ಬರೆದಿದ್ದ: ಮುಂಗೈ ಮೇಲಿನ ಕೂದಲು ಕಾವಿಗೆ ಸುಟ್ಟು ಹೋಗಿ ನೋಡಲು ನುಣ್ಣಗೆ, ಮುಟ್ಟಿದರೆ ಮಾತ್ರ ಒರಟು. ನಾನು ಅಡಿಗೆರೆ ಎಳೆದ ಮೊದಲ ಸಾಲು ಅದು. ಯಾರಿಂದಲೋ ಕೇಳಿ ಬರೆದ ಸಾಲಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಮೊಣಕೈ ಹತ್ತಿರ ಒಂದು ಸುಟ್ಟ ಕಲೆಯನ್ನೂ ಬರೆದಿದ್ದ. ಅದರ ವಿಷಯ ಆಮೇಲೆ.

ಹಾಸ್ಟೆಲಿನ ಗಣಪತಿ ಹಬ್ಬಕ್ಕೆ ಮಂಡಕ್ಕಿ ಚೀಲ ತರಲು ಹೋದಾಗ ಪರಿಚಯ. ನಂತರ ಕುಂದುವಾಡ ಕೆರೆ ಏರಿ ಮೇಲೆ ಸಂಜೆ ನಡಿಗೆ. ಬಹಳ ದಿನ ಏನೂ ಆಗುವುದಿಲ್ಲ. ಮಾತಿಗಿಂತ ಮಾತು ನುಂಗಿಕೊಳ್ಳುವುದೇ ಜಾಸ್ತಿ. ಆಮೇಲೆ ಒಂದು ರಾತ್ರಿ ರೂಂಮೇಟು ಅವನ ಫೋನ್ ಕಸಿದು ಮೆಸೇಜುಗಳನ್ನು ಗಟ್ಟಿಯಾಗಿ ಓದುತ್ತಾನೆ. ಕೇಳಿದವರು ನಗುತ್ತಾರೆ. ಬೆಳಿಗ್ಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಹೆಸರು. ವಾರ್ಡನ್ ಅಪ್ಪನಿಗೆ ಫೋನ್ ಮಾಡುತ್ತಾನೆ. ಅಪ್ಪ ಜಗಳೂರು ಬಸ್ಸಿಳಿದು ಬಂದು, ಬೈಯದೆ, ಹೊಡೆಯದೆ, ಮಗನಿಗೆ ಬೆಣ್ಣೆ ದೋಸೆ ಕೊಡಿಸಿ, "ದೇವರು ಕೇಳಿಸ್ಕೆಂಡು ಬರೋಣ ನಡಿ" ಅನ್ನುತ್ತಾನೆ. ದೇವರು ಕೇಳಿದ್ದಾಯಿತು. ಮದುವೆ ಮಾಡಿ ಅಂತ ಅಪ್ಪಣೆ ಆಯಿತು. ಅಕ್ಕನ ಮಗಳು ಇದ್ದೇ ಇದ್ದಾಳೆ. ಆ ಹುಡುಗಿ ಒಂದೇ ಒಂದು ಸಲ ಫೋನಿನಲ್ಲಿ ಮಾತಾಡುತ್ತಾಳೆ: "ಮಾಮ, ನೀನು ಒಲ್ಲೆ ಅನ್ನು. ನಾನು ಅಂದ್ರೆ ಯಾರೂ ಕೇಳಂಗಿಲ್ಲ. ನಾನೂ ಓದಬೇಕು."

ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ರೂಂಮೇಟಿನ ಪಾತ್ರ. ಫೋನ್ ಕಸಿದವನು ಅವನೇ. ಮರುದಿನದಿಂದ ಅವನು ಇವನ ಸೋಪು ಮುಟ್ಟುವುದಿಲ್ಲ, ತನ್ನ ತಟ್ಟೆಯನ್ನು ಬೇರೆ ಕಡೆ ಇಡುತ್ತಾನೆ, ಹಾಸಿಗೆಯನ್ನು ಕಿಟಕಿ ಕಡೆಗೆ ಎಳೆದುಕೊಳ್ಳುತ್ತಾನೆ. ಆದರೆ ಪರೀಕ್ಷೆಗೆ ವಾರ ಇದೆ ಅನ್ನುವಾಗ ಅರ್ಥಶಾಸ್ತ್ರದ ಪ್ರಶ್ನೆ ಸಂಗ್ರಹದ ಜೆರಾಕ್ಸನ್ನು ಇವನ ದಿಂಬಿನ ಕೆಳಗೆ ಇಟ್ಟು ಹೋಗುತ್ತಾನೆ. ಒಂದು ಮಾತೂ ಇಲ್ಲ. ಊರಿನ ಅಸಹನೆ ಹೀಗೂ ಇರುತ್ತದೆ, ಅಲ್ವಾ? ಜೊತೆಗೆ ಉಂಡವರೇ ಮಾಡುತ್ತಾರೆ. ಮಾಡಿದವರಿಗೆ ತಾವು ದೊಡ್ಡದೇನೋ ಮಾಡಿದೆವು ಅಂತ ಅನ್ನಿಸಿಯೂ ಇರುವುದಿಲ್ಲ.

ಕೊನೆಯಲ್ಲಿ ಇಬ್ಬರೂ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಬೈಕಿನ ಮೇಲೆ ಕಾಯುತ್ತಾರೆ. ಗೇಟು ಬಿದ್ದಿದೆ. ಸುತ್ತ ಆಟೋ, ಸ್ಕೂಟರು, ಕಾಯಿಪಲ್ಲೆ ಗಾಡಿ, ಎಲ್ಲರಿಗೂ ಅವಸರ. ಗೂಡ್ಸ್ ರೈಲು ಹೋಗುತ್ತದೆ. ಗೇಟು ಏಳುತ್ತದೆ. ಆಚೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ. "ಖಾರ ಜಾಸ್ತಿ ಹಾಕ್ಸಲಾ?" ಅಂತ ಭಟ್ಟಿಯವನು ಕೇಳುತ್ತಾನೆ. "ಬ್ಯಾಡ, ನಾಳೆ ಎಕ್ಸಾಮ್ ಐತೆ" ಅಂತ ಇವನು ಹೇಳುತ್ತಾನೆ. ಮುಗಿಯಿತು. ಮದುವೆ ಆಯಿತೋ ಇಲ್ಲವೋ, ಅಪ್ಪ ಒಪ್ಪಿದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ಭಾಷೆಯಲ್ಲಿ ತಪ್ಪುಗಳಿದ್ದವು. ನಡುವೆ ಒಂದು ಪುಟ ಸುಮ್ನೆ ಎಳೆದಿತ್ತು. ಆದರೂ ನಾನು ಆ ವರ್ಷ ಓದಿದ ವಿದ್ಯಾರ್ಥಿ ಕಥೆಗಳಲ್ಲಿ ಇದಕ್ಕೆ ಸಮ ಇನ್ನೊಂದಿರಲಿಲ್ಲ.

ಸಮಿತಿಯ ಕೋಣೆ

ಸಮಿತಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಕೆಟ್ಟವರಿದ್ದಿದ್ದರೆ ಜಗಳ ಮಾಡುವುದು ಸುಲಭ ಇರುತ್ತಿತ್ತು. ಕನ್ನಡದ ಹಿರಿಯ ಉಪನ್ಯಾಸಕರೊಬ್ಬರು ಸಂಪಾದಕರು. ಇಂಗ್ಲಿಷಿನ ಉಪನ್ಯಾಸಕಿ, ವಾಣಿಜ್ಯ ವಿಭಾಗದ ಒಬ್ಬರು, ಗ್ರಂಥಪಾಲಕರು ಉಳಿದವರು. ವಿದ್ಯಾರ್ಥಿ ಪ್ರತಿನಿಧಿ ಒಬ್ಬ ಇದ್ದ, ಅವನು ಬಾಯಿ ಬಿಡಲಿಲ್ಲ.

ಸಂಪಾದಕರು ಶುರು ಮಾಡಿದ್ದೇ ಹೊಗಳಿಕೆಯಿಂದ. "ಹುಡುಗನಿಗೆ ಕಣ್ಣಿದೆ. ಭಟ್ಟಿ ವರ್ಣನೆ ಓದುವಾಗ ಬೆವರು ಬರುತ್ತೆ." ಆಮೇಲೆ ಒಂದು ನಿಟ್ಟುಸಿರು. "ಆದರೆ ಕೊನೆ ಸರಿಯಾಗಿ ಕೂತಿಲ್ಲ."

ವಾಣಿಜ್ಯದವರಿಗೆ ಕೊನೆಗೆ ಏನಾಗಬೇಕು ಅಂತ ಸ್ಪಷ್ಟವಾಗಿ ಗೊತ್ತಿತ್ತು. "ಹುಡುಗ ಜೀವ ಕಳ್ಕೊಂಡ ಅಂತ ಮಾಡಿದ್ರೆ ಓದಿದವರಿಗೆ ಅಯ್ಯೋ ಅನ್ಸುತ್ತೆ. ಸಮಾಜಕ್ಕೂ ಒಂದು ಪಾಠ. ರೈಲ್ವೆ ಗೇಟು ಹೆಂಗೂ ಕಥೇಲೇ ಇದೆಯಲ್ಲ." ಅವರು ಇದನ್ನು ಹೇಳಿದ್ದು ತೀರಾ ಮಾಮೂಲಿ ದನಿಯಲ್ಲಿ. ಯಾರೂ ಬೆಚ್ಚಲಿಲ್ಲ. ಸಂಪಾದಕರು ತಲೆಯಾಡಿಸಿ, ಸಾವು ಜಾಸ್ತಿ ಆಯಿತು ಅನ್ನಿಸಿದರೆ ಬೆಂಗಳೂರಿಗೆ ಹೋದರು ಅಂತ ಮುಗಿಸಬಹುದು ಅಂದರು. ಮೂರನೇ ಸಲಹೆಯೂ ಬಂತು: ಇದೆಲ್ಲ ಕನಸು, ಹುಡುಗನಿಗೆ ಎಚ್ಚರವಾಯಿತು.

ನಾನು ಮೂರನ್ನೂ ನನ್ನ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಂಡೆ. ಸಾವು, ಬಸ್ಸು, ಕನಸು. ಮೂರೂ ಹುಡುಗನನ್ನು ದಾವಣಗೆರೆಯಿಂದ ಹೊರಗೆ ಹಾಕುತ್ತವೆ. ಸಮಿತಿಗೆ ಇಬ್ಬರು ಹುಡುಗರು ಪ್ರೀತಿಸಿದ್ದು ಅಷ್ಟಾಗಿ ಚುಚ್ಚಿರಲಿಲ್ಲ. ಅವರು ಅಳುವುದೂ ಪರವಾಗಿಲ್ಲ. ಅವರು ಇದೇ ಊರಲ್ಲಿ, ಎಲ್ಲರ ನಡುವೆ, ಮೆಣಸಿನಕಾಯಿ ತಿಂದು ನಾಳೆಯ ಪರೀಕ್ಷೆಗೆ ಓದಲು ಹೋಗುತ್ತಾರಲ್ಲ, ಅದು ಚುಚ್ಚಿತ್ತು. ಇದನ್ನು ಅಲ್ಲೇ ಹೇಳಿದೆ. "ಹಂಗಲ್ಲ, ಹಂಗಲ್ಲ" ಅಂದರು. ಹಾಗಾದರೆ ಹೇಗೆ ಅಂತ ಯಾರೂ ಹೇಳಲಿಲ್ಲ.

ಇದು ಆ ಕೋಣೆಯ ಕಾಯಿಲೆ ಮಾತ್ರ ಅಲ್ಲ. ಕಮ್ಮಟಗಳಿಗೆ ಬರುವ ಕಥೆಗಳಲ್ಲೂ ಇದೇ ನೋಡುತ್ತೇನೆ. ಸಣ್ಣ ಊರು, ಸಲಿಂಗಿ ಹುಡುಗ ಅಂದ ಕೂಡಲೇ ಒಂದೋ ಸಾವು, ಇಲ್ಲ ಮೆಜೆಸ್ಟಿಕ್ ಬಸ್ಸು. ಬರೆಯುವವರಲ್ಲಿ ಕರುಣೆ ಇರುತ್ತದೆ, ಸಿಟ್ಟೂ ಇರುತ್ತದೆ. ಆದರೆ ಅವರ ಊರಿಗೆ ಮುಖ ಇರುವುದಿಲ್ಲ. ಊರು ಅಂದರೆ ಒಂದು ಗುಂಪು, ಕೈಯಲ್ಲಿ ಕಲ್ಲು. ರೂಂಮೇಟು ಇಡುವ ಜೆರಾಕ್ಸು ಅಂಥ ಕಥೆಗಳಲ್ಲಿ ಎಲ್ಲೂ ಸಿಗುವುದಿಲ್ಲ. ಅಪ್ಪ ಕೊಡಿಸುವ ದೋಸೆಯೂ ಸಿಗುವುದಿಲ್ಲ.

ಕೊನೆಯ ವಿಷಯ ಬಿಟ್ಟರೆ ಇನ್ನೆರಡು ಆಕ್ಷೇಪ ಬಂದವು. ಒಂದು, ಇಂಥದ್ದೆಲ್ಲ ಕನ್ನಡದಲ್ಲಿ ಬೇಕಾ, ಇದು ಹೊರಗಿನ ಸರಕು ಅನ್ನುವುದು. ಇದಕ್ಕೆ ಗ್ರಂಥಪಾಲಕರೇ ಉತ್ತರ ಕೊಟ್ಟರು. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂದಿದೆ, ನಾಯಕ ಕನ್ನಡದ ಹುಡುಗ, ಕನ್ನಡದಲ್ಲೇ ಪ್ರೀತಿಸುತ್ತಾನೆ, ಜನ ಓದಿದ್ದಾರೆ ಅಂದರು. ಅವರ ಗ್ರಂಥಾಲಯದಲ್ಲಿ ಅದು ಇರಲಿಲ್ಲ ಅನ್ನುವುದು ಬೇರೆ ಮಾತು.

ಇನ್ನೊಂದು, ಕಾನೂನು ಸಮಸ್ಯೆ ಆದೀತು ಅನ್ನುವುದು. ನಮ್ಮಲ್ಲಿ ಏನಾದರೂ ಬೇಡ ಅನ್ನಿಸಿದಾಗ ಕಾನೂನು ತಟ್ಟನೆ ನೆನಪಾಗುತ್ತದೆ. ಸಲಿಂಗ ಸಂಬಂಧವನ್ನೂ ಅಪರಾಧ ಅನ್ನುತ್ತಿದ್ದ 1860ರ ದಂಡಸಂಹಿತೆಯ 377ನೇ ಕಲಮು ದೆಹಲಿ ಹೈಕೋರ್ಟಿನಲ್ಲಿ 2009ರಲ್ಲಿ ಸಡಿಲವಾಯಿತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಗಟ್ಟಿ ಮಾಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ಹೇಳಿತು. 2024ರ ಜುಲೈ 1ಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಮದುವೆಯ ಹಕ್ಕು ಮಾತ್ರ ಸಿಕ್ಕಿಲ್ಲ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಅದನ್ನು ಸಂಸತ್ತಿಗೆ ಬಿಟ್ಟಿತು. ಇಷ್ಟನ್ನು ಹೇಳಿ, ಕಲಮು ಗಟ್ಟಿಯಾಗಿದ್ದ ಕಾಲದಲ್ಲೂ ಅದು ಕಥೆ ಬರೆಯುವುದನ್ನು ತಡೆದಿರಲಿಲ್ಲ ಅಂತ ಸೇರಿಸಿದೆ. ಗ್ರಂಥಪಾಲಕರು ಹೇಳಿದ ಪುಸ್ತಕ ಆ ವರ್ಷಗಳಲ್ಲೂ ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇತ್ತು.

ಸಂಪಾದಕರು ಕನ್ನಡಕ ಒರೆಸಿಕೊಂಡರು. "ನೀವು ಹೇಳೋದೆಲ್ಲ ಸರಿ. ಕಾಲೇಜಿನ ಗುಣಮಟ್ಟ ನೋಡೋಕೆ ನ್ಯಾಕ್ ಕಮಿಟಿ ಬರೋ ವರ್ಷ. ಮ್ಯಾನೇಜ್ಮೆಂಟ್ನೋರು ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ." ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮನುಷ್ಯನಿಗೆ ನಿವೃತ್ತಿ ಹತ್ತಿರ ಇತ್ತು.

ಹುಡುಗನನ್ನು ಕರೆದು ಹೇಳಿದರು. ಅವನು ಒಂದೇ ಪ್ರಶ್ನೆ ಕೇಳಿದ: "ಸಾರ್, ಅವರು ಸತ್ತರೆ ಹಾಕ್ತೀರಾ?" ಸಂಪಾದಕರು ಹೌದು ಅನ್ನುವ ಹಾಗೆ ಕೈಯಾಡಿಸಿದರು. "ಹಂಗಾದ್ರೆ ಬ್ಯಾಡ ಸಾರ್" ಅಂದು ಕಥೆ ವಾಪಸು ತೆಗೆದುಕೊಂಡ. ಬರಹದಲ್ಲಿ ಯಾವುದೂ ಇಲ್ಲ. ತಿರಸ್ಕಾರದ ಪತ್ರ ಇಲ್ಲ, ನಡಾವಳಿಯಲ್ಲಿ ಸಾಲಿಲ್ಲ. ‘ಸ್ಥಳಾಭಾವ’ ಅಂತ ಆಮೇಲೆ ಯಾರೋ ಹೇಳಿದರು.

ಫೋಟೋ

ಕಥೆ ವಾಪಸು ಬಂತು ಅಂದುಕೊಂಡೆವು. ಬಂದಿರಲಿಲ್ಲ. ಸಮಿತಿಗೆ ಹಂಚಿದ ಜೆರಾಕ್ಸ್ ಪ್ರತಿಗಳಲ್ಲಿ ಒಂದರ ಫೋಟೋ ಯಾರೋ ತೆಗೆದಿದ್ದರು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ, ನಾನು ಊಹೆಯನ್ನೂ ಬರೆಯುವುದಿಲ್ಲ. ಎರಡು ಪುಟ ತರಗತಿಯ ವಾಟ್ಸ್ಯಾಪ್ ಗುಂಪಿಗೆ ಬಂದವು. ಅಲ್ಲಿಂದ ಹಾಸ್ಟೆಲಿಗೆ, ಹಾಸ್ಟೆಲಿಂದ ಊರಿಗೆ.

ದಾವಣಗೆರೆ ಸಣ್ಣ ಊರೇ ಅಂತ ಕೇಳಬಹುದು. ಮಹಾನಗರ ಪಾಲಿಕೆ ಇದೆ. ವೈದ್ಯಕೀಯ ಕಾಲೇಜುಗಳಿವೆ. 1997ರ ಆಗಸ್ಟ್ 15ಕ್ಕೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು, 2009ರಲ್ಲಿ ವಿಶ್ವವಿದ್ಯಾಲಯ ಬಂತು. ಆದರೆ ಊರು ಎಷ್ಟು ದೊಡ್ಡದು ಅನ್ನುವುದು ನಿಮ್ಮ ಚಿಕ್ಕಪ್ಪನ ಅಂಗಡಿ ಎಲ್ಲಿದೆ ಅನ್ನುವುದರ ಮೇಲೆ ಇರುತ್ತದೆ. ಹುಡುಗನ ಚಿಕ್ಕಪ್ಪನ ಅಂಗಡಿ ಮಂಡಿಪೇಟೆಯಲ್ಲಿತ್ತು.

ಫೋಟೋ ನೋಡಿದವರಿಗೆ ಕಥೆ ಬೇಕಿರಲಿಲ್ಲ. ಅವರು ಕೇಳಿದ್ದು ಎರಡೇ: ಯಾವ ಭಟ್ಟಿ, ಯಾವ ಹುಡುಗ? ಹರಿದಾಡಿದ ಪುಟದಲ್ಲೇ ಆ ಸುಟ್ಟ ಕಲೆ ಇತ್ತು. ಮೊಣಕೈ ಹತ್ತಿರ ಕಲೆ ಇರುವ, ಹಾಸ್ಟೆಲಿಗೆ ಮಂಡಕ್ಕಿ ಚೀಲ ತರುವ ಒಬ್ಬ ನಿಜವಾಗಿ ಇದ್ದ. ಹಾಸ್ಟೆಲಿನವರಿಗೆಲ್ಲ ಅವನ ಮುಖ ಗೊತ್ತು. ಕಥೆ ಬರೆದವನಿಗೆ ಅವನ ಹೆಸರೂ ಗೊತ್ತಿರಲಿಲ್ಲ. ದಿನಾ ನೋಡಿದ ಕೈಯಿಂದ ಒಂದು ಕಲೆಯನ್ನು ಎತ್ತಿ ತನ್ನ ಪಾತ್ರಕ್ಕೆ ಅಂಟಿಸಿದ್ದ, ಅಷ್ಟೇ. ಬರೆಯುವವರೆಲ್ಲ ಮಾಡುವ ಕೆಲಸ ಇದು.

ಆ ಯುವಕನನ್ನು ಹಾಸ್ಟೆಲ್ ಗೇಟಿನಲ್ಲಿ ನಾಲ್ಕೈದು ಜನ ನಿಲ್ಲಿಸಿಕೊಂಡರು. ಕಲೆ ತೋರಿಸು ಅಂದರು. ಅವನಿಗೆ ತಲೆಬುಡ ಅರ್ಥ ಆಗಲಿಲ್ಲ. ತೋರಿಸಿದ. ನಕ್ಕರು. ಮರುದಿನ ಚೀಲ ಇಳಿಸುವಾಗ ಮತ್ತೆ ಅದೇ. ಭಟ್ಟಿ ಮಾಲೀಕನ ಕಿವಿಗೆ ಬಿತ್ತು. ಮದುವೆಗೆ ಹೆಣ್ಣು ನೋಡುತ್ತಿದ್ದ ಮನೆಯವರ ಕಿವಿಗೂ ಬಿತ್ತು. ಅವನು ಆ ಕಡೆಯ ಲೈನ್ ಬಿಟ್ಟು ಹರಿಹರದ ಕಡೆ ಮಾಲು ಹಾಕಲು ಹೋದ. ಓದಿರದ ಒಂದು ಕಥೆಯಿಂದ ಅವನ ಕೆಲಸದ ದಾರಿಯೇ ಬದಲಾಯಿತು.

ಹುಡುಗನಿಗೆ ಇದು ತಿಳಿದ ದಿನ ಅವನು ಕಥೆಯನ್ನು ಸುಡುತ್ತೇನೆ ಅಂದ. ಫೋನುಗಳಲ್ಲಿರುವ ಫೋಟೋ ಸುಡಲು ಆಗುವುದಿಲ್ಲವಲ್ಲ ಅಂದೆ. ಕಥೆಯ ಬಗ್ಗೆ ಆಮೇಲೆ ಮಾತಾಡೋಣ, ಮೊದಲು ಕಾಲೇಜು ಅಂತ ತೀರ್ಮಾನ ಮಾಡಿದೆವು.

ಮಾಡಿದ್ದು, ಆಗಿದ್ದು

ಇಂಗ್ಲಿಷ್ ಉಪನ್ಯಾಸಕಿ ಇಲ್ಲಿ ದೊಡ್ಡ ಕೆಲಸ ಮಾಡಿದರು. ಸಮಿತಿಯಲ್ಲಿ ಹೆಚ್ಚು ಮಾತಾಡದಿದ್ದವರು ಅವರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ಒಂದು ತಿದ್ದುಪಡಿ ಬಂದಿದೆ. ಜಾತಿ, ಧರ್ಮ, ಬಣ್ಣದ ಜೊತೆಗೆ ಲೈಂಗಿಕ ಒಲವಿನ ಕಾರಣಕ್ಕೆ ಇನ್ನೊಬ್ಬ ವಿದ್ಯಾರ್ಥಿಯನ್ನು ಪೀಡಿಸುವುದು, ದೂರ ಇಡುವುದು ಕೂಡ ರ‍್ಯಾಗಿಂಗ್ ಅಂತ ಅದು ಹೇಳುತ್ತದೆ. ಕಾಲೇಜು ಗೋಡೆಯ ಬೋರ್ಡುಗಳಲ್ಲಿ ಸಹಾಯವಾಣಿ 1800-180-5522 ಬರೆದಿರುತ್ತಾರೆ. ತಿದ್ದುಪಡಿಯ ಈ ಸಾಲನ್ನು ಬರೆದಿರುವುದನ್ನು ನಾನು ಎಲ್ಲೂ ನೋಡಿಲ್ಲ. ಉಪನ್ಯಾಸಕಿ ಅದರ ಪ್ರಿಂಟ್ ತೆಗೆದು, ಗೆರೆ ಹಾಕಿ ಪ್ರಾಂಶುಪಾಲರ ಮೇಜಿನ ಮೇಲೆ ಇಟ್ಟರು.

ಪ್ರಾಂಶುಪಾಲರು ಓದಿದರು. "ದೂರು ಕೊಡ್ತಾನಾ?" ಅಂತ ಕೇಳಿದರು. ಪ್ರಕರಣದ ಗಂಟು ಇಲ್ಲೇ ಇತ್ತು. ದೂರು ಕೊಟ್ಟರೆ ಹೆಸರು ಬರೆಯಬೇಕು. ಹೆಸರು ಬರೆದರೆ, ಕಥೆ ನಿನ್ನದೇನಾ, ನೀನು ಅವನೇನಾ ಅನ್ನುವ ಪ್ರಶ್ನೆ. ಅವನು ಏನು ಅನ್ನುವುದು ಯಾರಿಗೂ ಸಂಬಂಧ ಇಲ್ಲ. ಅವನಾಗಿ ನನಗೆ ಹೇಳಿಲ್ಲ, ನಾನು ಕೇಳಿಲ್ಲ. ಆದರೆ ಊರಲ್ಲಿ ಬರೆದವನಿಗೂ ಬರೆದದ್ದಕ್ಕೂ ನಡುವೆ ಗೋಡೆ ಇಲ್ಲ. ಕೊಲೆಯ ಕಥೆ ಬರೆದರೆ ಯಾರೂ ಕೊಲೆ ಮಾಡಿದೆಯಾ ಅಂತ ಕೇಳುವುದಿಲ್ಲ. ಇದಕ್ಕೆ ಮಾತ್ರ ಎಲ್ಲರೂ ಕೇಳುತ್ತಾರೆ.

ದೂರು ಕೊಡಲಿಲ್ಲ. ಪ್ರಾಂಶುಪಾಲರು ತಾವಾಗಿಯೇ ಒಂದು ಸುತ್ತೋಲೆ ಹೊರಡಿಸಿದರು. ಅದರಲ್ಲಿ ಇದ್ದದ್ದು ಮೊಬೈಲ್ ದುರ್ಬಳಕೆ ಮಾಡಬಾರದು ಅಂತ. ಗುಂಪಿನಿಂದ ಫೋಟೋ ಅಳಿಸಿದರು. ಗೇಟಿನಲ್ಲಿ ನಿಂತವರಿಗೆ ವಾರ್ಡನ್ ಬೈದ. ನಿಯಮದ ಹೆಸರು, ಕಾರಣದ ಹೆಸರು ಎಲ್ಲೂ ಬರಲಿಲ್ಲ. ಕೆಲಸ ಅರ್ಧ ಆಯಿತು ಅನ್ನುತ್ತೇನೆ. ಉಪನ್ಯಾಸಕಿ ಕಾಲುಭಾಗ ಅನ್ನುತ್ತಾರೆ. ಭಟ್ಟಿ ಯುವಕನ ಹತ್ತಿರ ಅವರೇ ಹೋಗಿ, ಕಥೆಯಲ್ಲಿ ಇರುವುದು ನೀನಲ್ಲ, ನಿನಗಾದದ್ದು ತಪ್ಪು ಅಂತ ಹೇಳಿ ಬಂದರು. ಅವನು, "ಮೇಡಂ, ಅವ್ರಿಬ್ರು ಕೊನಿಗೆ ಏನಾದ್ರು?" ಅಂತ ಕೇಳಿದನಂತೆ. ಮಂಡಕ್ಕಿ ತಿಂದು ಮನೆಗೆ ಹೋದರು ಅಂದರಂತೆ. "ಅಷ್ಟೇನಾ? ಅದ್ಕೆ ಇಷ್ಟೊಂದು ಗಲಾಟೆನಾ?" ಅಂದನಂತೆ.

ಮನೆಯ ಕಡೆ ವಿಷಯ ಚಿಕ್ಕಪ್ಪನ ಅಂಗಡಿಯಿಂದ ಹಳ್ಳಿಗೆ ಹೋಗಿತ್ತು. ಅಮ್ಮ ಫೋನ್ ಮಾಡಿ ಕೇಳಿದ್ದು: "ಕತಿನೋ, ನಿಜಾನೋ?" ಇವನು ಕಥೆ ಅಂದ. "ಕತಿ ಆದ್ರೆ ಯಾಕೆ ಬರೀಬೇಕಿತ್ತು" ಅಂದು ಇಟ್ಟರು. ಆಮೇಲೆ ಚಿಕ್ಕಪ್ಪ ಇವನನ್ನು ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಆರು ತಿಂಗಳ ಕೋರ್ಸು, ಸರಿ ಹೋಗುತ್ತದೆ ಅಂದರು. ಸರಿ ಹೋಗಲು ಏನು ಕೆಟ್ಟಿದೆ ಅಂತ ಹುಡುಗ ಕೇಳಲಿಲ್ಲ. ಕೇಳುವ ಧೈರ್ಯ ಆ ಕುರ್ಚಿಯಲ್ಲಿ ಕೂತವರಿಗೆ ಬರುವುದಿಲ್ಲ.

ಈ ಭಾಗವನ್ನು ಒತ್ತಿ ಹೇಳಬೇಕು. ಇದೇ ಪರಿಸ್ಥಿತಿಯಲ್ಲಿರುವ ಯಾರಾದರೂ ಇದನ್ನು ಓದುತ್ತಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಮಾಜದ ನೀತಿ ರೂಢಿಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವ ಹಾಗಿಲ್ಲ ಅನ್ನುತ್ತದೆ. ಮದ್ರಾಸ್ ಹೈಕೋರ್ಟ್ 2021ರಲ್ಲಿ ಇಂಥ ‘ಬದಲಾಯಿಸುವ ಚಿಕಿತ್ಸೆ’ಗೆ ತಡೆ ಬೇಕು ಅಂದಿತು. ಅದರ ಬೆನ್ನಲ್ಲೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದು ವೃತ್ತಿ ದುರ್ನಡತೆ ಅಂತ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಅಂದರೆ ಆ ಕೋಣೆಯಲ್ಲಿ ನಿಯಮ ಮುರಿದದ್ದು ಹುಡುಗ ಅಲ್ಲ.

ಉಪನ್ಯಾಸಕಿ ಇದನ್ನೆಲ್ಲ ಚಿಕ್ಕಪ್ಪನ ಅಂಗಡಿಯಲ್ಲೇ ಕೂತು, ಗಿರಾಕಿ ಬಂದಾಗ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಿ ಹೇಳಿದರು. ಚಿಕ್ಕಪ್ಪನ ತಲೆಗೆ ಹೋದದ್ದು ಕಾಯ್ದೆಯಲ್ಲ. ಆರು ತಿಂಗಳ ಕೋರ್ಸಿನ ದುಡ್ಡು ದಂಡ ಅನ್ನುವುದು. ಕೋರ್ಸು ನಿಂತಿತು. ಹುಡುಗನಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟರು. ಸರ್ಕಾರದ್ದು, ದುಡ್ಡು ಇಲ್ಲ, ಕನ್ನಡದಲ್ಲಿ ಮಾತಾಡಬಹುದು. ಅವನು ರಾತ್ರಿ ಹೊತ್ತು ಕೆಲವು ಸಲ ಮಾಡಿದ್ದಾನೆ. ಒಬ್ಬರು ಚೆನ್ನಾಗಿ ಕೇಳಿಸಿಕೊಂಡರು, ಇನ್ನೊಬ್ಬರಿಗೆ ಅವಸರ ಇತ್ತು ಅಂದ.

ಹಾಸ್ಟೆಲ್ ಬಿಟ್ಟು ಚಿಕ್ಕಪ್ಪನ ಮನೆಯ ಮಹಡಿಗೆ ಬಂದ. ಹಾಜರಾತಿ ಕಡಿಮೆ ಬಿತ್ತು, ಒಂದು ವಿಷಯ ಉಳಿಯಿತು, ಮುಂದಿನ ಸಲ ಬರೆದು ಪಾಸಾದ. ರೂಂಮೇಟು ಕಥೆಯಲ್ಲಿ ಇದ್ದ ಹಾಗೆ ನಿಜದಲ್ಲೂ ಇದ್ದನೇ ಅಂತ ನಾನು ಕೇಳಿದ್ದಕ್ಕೆ ನಕ್ಕ. "ಜೆರಾಕ್ಸ್ ನಾನೇ ಸೇರಿಸಿದ್ದು" ಅಂದ.

ಕಥೆಯನ್ನು ಮತ್ತೆ ಬರೆಯುವುದು

ಗಲಾಟೆ ತಣ್ಣಗಾದ ಮೇಲೆ ಹುಡುಗ ಕಥೆ ಹಿಡಿದು ಬಂದ. ಕೊನೆ ಬದಲಿಸುವುದಿಲ್ಲ, ಉಳಿದದ್ದನ್ನು ಏನು ಮಾಡಲಿ ಅಂದ. ಕಥೆ ಜೀವಂತ ಅನ್ನಿಸಿದ್ದೇ ಅದರ ವಿವರಗಳಿಂದ. ಒಬ್ಬ ಯುವಕ ಗೇಟಿನಲ್ಲಿ ಸಿಕ್ಕಿಬಿದ್ದದ್ದೂ ಅವೇ ವಿವರಗಳಿಂದ. ದೊಡ್ಡ ನಗರದ ಬಗ್ಗೆ ಬರೆಯುವವರಿಗೆ ಈ ತಾಪತ್ರಯ ಇಲ್ಲ. ಬೆಂಗಳೂರಿನಲ್ಲಿ ಸುಟ್ಟ ಕಲೆ ಇರುವ ಸಾವಿರ ಕೈ ಇರುತ್ತವೆ.

ಮೊದಲು ಅವನು ಊರನ್ನೇ ಬದಲಿಸಿದ. ಕಥೆಯನ್ನು ಚಿತ್ರದುರ್ಗಕ್ಕೆ ಎತ್ತಿಕೊಂಡು ಹೋದ. ಅರವತ್ತು ಕಿಲೋಮೀಟರ್ ದೂರ, ಅದೇ ಗಾಳಿ, ಅದೇ ಮಾತು ಅನ್ನುವುದು ಅವನ ಲೆಕ್ಕ. ಇಬ್ಬರೂ ಕಲ್ಲಿನ ಕೋಟೆಯಲ್ಲಿ ಭೇಟಿಯಾಗುತ್ತಾರೆ, ಅಕ್ಕ ತಂಗಿ ಹೊಂಡದ ಹತ್ತಿರ ಕೂರುತ್ತಾರೆ, ಓಬವ್ವನ ಕಿಂಡಿ ನೋಡುತ್ತಾರೆ. ಓದಿದೆ. ಪ್ರವಾಸೋದ್ಯಮ ಇಲಾಖೆಯ ಬೋರ್ಡಿನ ಹಾಗಿತ್ತು. ಕೋಟೆಯನ್ನು ಅವನು ನೋಡಿದ್ದು ಶಾಲೆ ಪ್ರವಾಸದಲ್ಲಿ. ಅಲ್ಲಿ ಬಂಡೆ ಇತ್ತು, ಬಿಸಿಲಿತ್ತು, ಆದರೆ ಕೆಲಸ ಮಾಡುವ ಕೈ ಇರಲಿಲ್ಲ. ಅವನಿಗೂ ಅದು ಗೊತ್ತಾಗಿತ್ತು.

ಆಮೇಲೆ ನಾವಿಬ್ಬರೂ ಕೂತು ಕಥೆಯ ವಿವರಗಳನ್ನು ಒಂದೊಂದಾಗಿ ಹಿಡಿದೆವು. ನಮಗೆ ಹೊಳೆದದ್ದು ಇದು: ಬೆರಳು ಮಾಡಿ ತೋರಿಸಬಹುದಾದ್ದು ಬೇರೆ, ಬರೆದವನು ಮಾತ್ರ ಕಂಡದ್ದು ಬೇರೆ. ಮೊಣಕೈ ಕಲೆ, ಹಾಸ್ಟೆಲಿಗೆ ಚೀಲ ಹಾಕುವ ಕೆಲಸ, ಗಣಪತಿ ಹಬ್ಬ, ಬೈಕಿನ ಬಣ್ಣ, ಇವು ಬೆರಳಿಗೆ ಸಿಗುತ್ತವೆ. ಇವನ್ನು ತೆಗೆದರೆ ಕಥೆಗೆ ನಷ್ಟ ಕಡಿಮೆ. ಕಾವಿಗೆ ಸುಟ್ಟ ಮುಂಗೈ ಕೂದಲು ಭಟ್ಟಿಯ ಎಲ್ಲರದ್ದೂ. ಅದು ಯಾರನ್ನೂ ಹಿಡಿದುಕೊಡುವುದಿಲ್ಲ. ಮಾತು ನುಂಗಿಕೊಳ್ಳುವುದು, ಅಪ್ಪ ದೋಸೆಗೆ ಬೆಣ್ಣೆ ಇನ್ನೊಂದು ಸ್ವಲ್ಪ ಹಾಕಿಸುವುದು, ಅಕ್ಕನ ಮಗಳ ಫೋನು, ಇವನ್ನು ಯಾರೂ ಗೇಟಿನಲ್ಲಿ ನಿಲ್ಲಿಸಿ ತೋರಿಸು ಅನ್ನಲು ಆಗುವುದಿಲ್ಲ. ಅವು ಉಳಿದವು.

ಭಟ್ಟಿಯವನು ಈಗ ಒಲೆ ಮುಂದೆ ನಿಲ್ಲುವವನೇ, ಆದರೆ ಚೀಲ ತರುವವನಲ್ಲ. ಪರಿಚಯ ಆಗುವುದು ಜಾತ್ರೆಯ ನೂಕುನುಗ್ಗಲಿನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಇಡೀ ಊರೇ ಬಂದಿರುತ್ತದೆ, ಯಾರನ್ನು ಅಂತ ಗುರುತಿಸುತ್ತೀರಿ? ಎಳೆದಿದ್ದ ಆ ಒಂದು ಪುಟ ಹೋಯಿತು. ಅಕ್ಕನ ಮಗಳಿಗೆ ಇನ್ನೂ ಒಂದು ದೃಶ್ಯ ಸಿಕ್ಕಿತು. ನನ್ನ ಕೇಳಿದರೆ ಈಗ ಕಥೆ ಮೊದಲಿಗಿಂತ ಗಟ್ಟಿಯಾಗಿದೆ. ಹಾಗಂತ ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹರಿಹರದ ಕಡೆ ಚೀಲ ಹೊರುವವನನ್ನು ಕೇಳಿ ಅಂತೇನೆ.

ಸಂಚಿಕೆ ಬಂತು. ಕಥೆ ಇರಬೇಕಿದ್ದ ಪುಟಗಳಲ್ಲಿ ಎನ್‌ಎಸ್‌ಎಸ್ ಶಿಬಿರದ ಫೋಟೋಗಳು. ಸಂಪಾದಕರು ನನಗೆ ಒಂದು ಪ್ರತಿ ಕಳಿಸಿ, ಮೊದಲ ಪುಟದಲ್ಲಿ ವಿಶ್ವಾಸದಿಂದ ಅಂತ ಸಹಿ ಹಾಕಿದ್ದರು. ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಸಿಕ್ಕಾಗ, "ಆ ಹುಡುಗ ಬರೀತಾ ಇದ್ದಾನಾ?" ಅಂತ ಅವರೇ ಕೇಳಿದರು. ಬರೆಯುತ್ತಿದ್ದಾನೆ ಅಂದೆ. ಸಂತೋಷ ಪಟ್ಟದ್ದು ನಿಜ ಅನ್ನಿಸಿತು.

ಹೊಸ ಪ್ರತಿಯನ್ನು ಹುಡುಗ ಬೇರೆ ಊರಿನ ಒಂದು ಸಣ್ಣ ಪತ್ರಿಕೆಗೆ ಕಳಿಸಿದ. ಅಲ್ಲಿನ ಸಂಪಾದಕರು ಓದಿದವರು, ವಿಷಯದ ಬಗ್ಗೆ ಒಂದು ಮಾತೂ ಎತ್ತಲಿಲ್ಲ, ಹಾಕುವ ಮನಸ್ಸಿದೆ ಅಂದರು. ಜೊತೆಗೆ ಒಂದು ಸಾಲು ಬರೆದಿದ್ದರು: ಕೊನೆ ಸ್ವಲ್ಪ ಸಪ್ಪೆ ಅನ್ನಿಸುತ್ತದೆ, ಏನಾದರೂ ಆಗಬೇಕಲ್ಲವೇ, ಯೋಚಿಸಿ. ಹುಡುಗ ಆ ಮೆಸೇಜನ್ನು ನನಗೆ ಕಳಿಸಿದ್ದಾನೆ. ಅವರಿಗೆ ಇನ್ನೂ ಉತ್ತರ ಬರೆದಿಲ್ಲ.